ಠಾಣಾ ಕುಶನೂರಿಗೆ ಅವರ ಗಾಡಿ

ರವಿವಾರ ಬೆಳಿಗ್ಗೆ ಎಂಟಕ್ಕೆ ನನ್ನ ಯಜಮಾನರ ಮೋಟಾರ್‌ಸೈಕಲ್ ಹತ್ತಿ ಬೀದರ್ ಬಿಟ್ಟೆ. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಠಾಣಾ ಕುಶನೂರಿನಲ್ಲಿ ನರ್ಸ್ ಆಗಿರುವ ನನ್ನ ನಾದಿನಿ ಸುಜಾತಾ, ಹಳ್ಳಿ ತಿರುಗಲು ಆ ಗಾಡಿ ಕೇಳಿದ್ದಳು. "ತಗೊಂಡು ಬರ್ತೇನಿ, ಆಮ್ಯಾಲ ನೋಡೋಣು" ಎಂದಷ್ಟೇ ಹೇಳಿದ್ದೆ. ವಾಪಸ್ ತರುವ ಮನಸ್ಸೇ ಹೆಚ್ಚಿತ್ತು.

ನಾವಿಬ್ಬರೂ ಬೀದರ್ ಪಕ್ಕದ ಕೊಳಾರದ ಗೋದಾಮಿನ ಕೆಲಸಕ್ಕೆ ಇದೇ ಗಾಡಿಯ ಮೇಲೆ ಎಂಟಕ್ಕೆ ಹೊರಡುತ್ತಿದ್ದೆವು. ಅವರು ಹ್ಯಾಂಡಲಿಗೆ ಬ್ಯಾಟರಿಯ ಬಲ ತೋರಿಸುವ ಬೆರಳುದ್ದದ ವೋಲ್ಟ್ ಮೀಟರ್ ಕೂಡಿಸಿದ್ದರು. ಚಾಲೂ ಮಾಡುವ ಮುಂಚೆ ಒಮ್ಮೆ, ಓಡುವಾಗ ಒಮ್ಮೆ, ಬಂದ್ ಮಾಡಿ ಹತ್ತು ನಿಮಿಷವಾದ ಮೇಲೆ ಒಮ್ಮೆ ಅದನ್ನು ನೋಡುವುದು ಅವರ ರೂಢಿ. ಅವರು ಹೋದ ಮೇಲೆ ನಾನು ಕೆಲಸಕ್ಕೆ ಹೋಗಲಿಲ್ಲ. ದಿನಾ ಎಂಟಕ್ಕೆ ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಎರಡು ನಿಮಿಷ ಅದರ ಸಪ್ಪಳ ಕೇಳಿ, ಮೀಟರಿನಲ್ಲಿ ಹದಿನಾಲ್ಕು ಕಂಡರೆ ಬಂದ್ ಮಾಡುತ್ತಿದ್ದೆ. ಎಲ್ಲ ಸರಿಯಿದೆ ಎಂದುಕೊಂಡಿದ್ದೆ.

ಭಾಲ್ಕಿ ಸುಮಾರು ನಲವತ್ತು ಕಿಲೋಮೀಟರ್. ಎಳೆ ಬಿಸಿಲು, ತಣ್ಣನೆ ಗಾಳಿ. ಸೋಯಾಬೀನ್ ಕಿತ್ತ ಹೊಲಗಳು ಬರಿದಾಗಿದ್ದವು. ತೊಗರಿ ಹಳದಿ ಹೂ ಬಿಟ್ಟಿತ್ತು. ದಾರಿಯುದ್ದಕ್ಕೂ ಮೀಟರ್ ಹದಿನಾಲ್ಕರ ಆಸುಪಾಸಿನಲ್ಲೇ ಇತ್ತು. ಭಾಲ್ಕಿ ಬಸ್ ನಿಲ್ದಾಣದ ಎದುರು ಚಹಾ ಕುಡಿದು ಬಂದು ಗುಂಡಿ ಒತ್ತಿದರೆ 'ಟಕ್' ಎಂದು ಸುಮ್ಮನಾಯಿತು. ಮೀಟರಿನಲ್ಲಿ 11.8.

ಪಕ್ಕದ ಗ್ಯಾರೇಜಿನ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಕಿಕ್ ಹೊಡೆದು ಎಂಜಿನ್ ಎಬ್ಬಿಸಿ, ಬ್ಯಾಟರಿಗೆ ತಮ್ಮ ಮೀಟರ್ ಹಚ್ಚಿ ನೋಡಿದರು.

"ಚಾರ್ಜಿಂಗ್ ಬರಾಬರ್ ಅದರಿ. ಬ್ಯಾಟರಿನೇ ಉಪಾಸ ಬಿದ್ದದ. ಗಾಡಿ ನಿಂದರಿಸಿಬಿಟ್ಟಿದ್ರೇನು?"

"ಇಲ್ರಿ, ದಿನಾ ಚಾಲೂ ಮಾಡ್ತಿದ್ದೆ."

"ಎಷ್ಟೊತ್ತು?"

"ಎರಡು ನಿಮಿಷ."

"ಎಲ್ಲಿಗಿ ಹೋಗ್ತಿದ್ರಿ?"

"ಎಲ್ಲಿಗೂ ಇಲ್ರಿ."

ಚಾಚಾ ಜೋರಾಗಿ ನಕ್ಕರು. "ವಾಹ್ ಅಕ್ಕಾರ! ಒಂದ್ಸಲ ಚಾಲೂ ಮಾಡಿದ್ರ ಬ್ಯಾಟರಿ ಪಾಲಿನ ಒಂದು ರೊಟ್ಟಿ ಹೋಗ್ತದ. ಎರಡು ನಿಮಿಷದಾಗ ನೀವು ಅದಕ್ಕ ತುತ್ತೂ ಕೊಟ್ಟಿಲ್ಲ. ಓಡೋವಾಗ ಹದಿನಾಲ್ಕು ಯಾವ ಗಾಡಿನೂ ತೋರಸ್ತದ. ಬಂದ್ ಮಾಡಿದ ಮ್ಯಾಲ ಏನು ಉಳೀತು ಅಂತ ನೋಡಬೇಕ್ರಿ. ಹನ್ನೆರಡೂವರೆ ಮ್ಯಾಲ ಉಳದ್ರ ಹೊಟ್ಟಿ ತುಂಬೇದ ಅಂತ."

ಯಜಮಾನರ ಮೂರನೆಯ ನೋಟವನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಗಾಡಿ ಯಾರದೆಂದು ಹೇಳಿದೆ. ಚಾಚಾರ ನಗು ನಿಂತಿತು. ಕೈ ಒರೆಸಿಕೊಂಡು ಬ್ಯಾಟರಿ ಬಿಚ್ಚಿ ಚಾರ್ಜಿಗೆ ಇಟ್ಟರು.

"ನಾಲ್ಕು ತಿಂಗಳ ಉಪಾಸ ಒಂದು ತಾಸು ಓಡಿದ್ರ ಹೋಗಂಗಿಲ್ಲ, ಆದ್ರ ಇನ್ನೂ ಜೀವ ಅದ. ಮೂರು ತಾಸು ಕೂಡ್ರಿ. ದಿನಾ ಹತ್ತಿಪ್ಪತ್ತು ಕಿಲೋಮೀಟರ್ ಓಡಿದ್ರ ಬದುಕ್ತದ. ಮತ್ತ ಅಂಗಳದಾಗ ನಿಂದರಿಸಿದ್ರ, ಹೊಸಾದು ಹಾಕಿದ್ರೂ ಇದೇ ಗತಿರಿ."

ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಷ್ಟು ದಿನ ಗಾಡಿಯನ್ನು ಕಾಪಾಡುತ್ತಿದ್ದೇನೆಂದು ತಿಳಿದಿದ್ದೆ.

ಮಧ್ಯಾಹ್ನ ಕುಶನೂರು ಮುಟ್ಟಿದೆ. ಸಪ್ಪಳ ಕೇಳಿಯೇ ಸುಜಾತಾ ಅಂಗಳಕ್ಕೆ ಓಡಿ ಬಂದಳು. ಬಂದವಳು ನನ್ನನ್ನು ಕಂಡು ಒಂದು ಗಳಿಗೆ ನಿಂತುಬಿಟ್ಟಳು. ನಂತರ ಹತ್ತಿರ ಬಂದು ಸೀಟು ಸವರಿದಳು.

"ವೈನಿ, ಕೊಡಲಿಕ್ಕ ಮನಸ್ಸಿಲ್ಲಂದ್ರ ಒಯ್ರಿ. ನಾ ಬಸ್ಸಿನ್ಯಾಗ ಅಡ್ಡಾಡ್ತೇನಿ."

"ದಿನಾ ಎಷ್ಟು ದೂರ ಹೋಗ್ತಿ?"

"ಇಪ್ಪತ್ತು, ಮೂವತ್ತು ಕಿಲೋಮೀಟರ್."

ಕೀಲಿ ಅವಳ ಕೈಗಿಟ್ಟೆ. ಮೂರು ಸಲ ನೋಡುವ ರೂಢಿ ಹೇಳಿಕೊಟ್ಟೆ. "ಅಣ್ಣ ನನಗೂ ಬೈದು ಬೈದು ಕಲಿಸಿದ್ದ" ಎಂದಳು.

ಸಂಜೆ ಔರಾದ್ ಮಾರ್ಗವಾಗಿ ಬೀದರಿಗೆ ಹೋಗುವ ಬಸ್ ಹಿಡಿದೆ. ಕಂಡಕ್ಟರ್ ಆಧಾರ್ ನೋಡಿ ಉಚಿತ ಟಿಕೆಟ್ ಹರಿದು ಕೊಟ್ಟ. ನನ್ನ ಮಡಿಲಲ್ಲಿದ್ದ ಹೆಲ್ಮೆಟ್ ಕಂಡು, "ಯಾಕ್ರಿ ಅಕ್ಕಾರ, ನಮ್ಮ ಡ್ರೈವರನ ಮ್ಯಾಲ ಭರೋಸಾ ಇಲ್ಲೇನ್ರಿ?" ಎಂದ. ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕೆ.

ಔರಾದ್ ದಾಟಿದ ಮೇಲೆ ಫೋನಿಗೆ ಮೀಟರಿನ ಫೋಟೋ ಬಂತು: 12.6. ಕೆಳಗೆ, "ಬಂದ್ ಮಾಡಿ ಹತ್ತು ನಿಮಿಷ ಆಯ್ತು, ವೈನಿ."

ಮರುದಿನ ಎಂಟಕ್ಕೆ ಅಂಗಳಕ್ಕೆ ಇಳಿದೆ. ಗಾಡಿ ನಿಲ್ಲುತ್ತಿದ್ದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಬಾಗಿಲಿಗೆ ಕೀಲಿ ಹಾಕಿ, ಕೆಲಸಕ್ಕೆಂದು ಕೊಳಾರದ ಬಸ್ಸಿಗೆ ನಡೆದೆ.