ಒಲೆಯ ಪಕ್ಕದ ಮೈನರ್ ಸ್ವರಗಳು

ಬೆಟ್ಟಗಳ ನಡುವಿನ ಆಯಾಕುಚೋ ಊರು ಇನ್ನೂ ಕಣ್ಣು ಬಿಟ್ಟಿಲ್ಲ. ಎಪಿಫಾನಿಯಾ ಪಲೊಮಿನೊ ತಮ್ಮ ಪುಟ್ಟ ಬೇಕರಿಯಲ್ಲಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಾರೆ. ನಾದಿದ ಹಿಟ್ಟಿಗೆ ಬಟ್ಟೆ ಹೊದಿಸಿ, ಕೈ ತೊಳೆದವರೇ ಮರದ ಮೇಜಿನ ಅಂಚಿಗೆ ಬೆರಳಿಡುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಮತ್ತೆ ಹಿಂದಕ್ಕೆ. "ಸುಮ್ನೆ ನಿಂತು ನೋಡ್ತೀರಲ್ಲ, ಆ ಸೌದೆ ಈ ಕಡೆ ಕೊಡಿ" ಎಂದು ಅವರ ಬಗ್ಗೆ ಬರೆಯಲು ಬಂದ ನನಗೂ ಕೆಲಸ ಹಚ್ಚುತ್ತಾರೆ.

ಹಿಟ್ಟು ಉಬ್ಬುವಷ್ಟು ಹೊತ್ತು ಅವರ ಗಿಟಾರ್ ಪಾಠ. ಈಗ ಹಿಡಿದಿರುವ ಹುಚ್ಚು ಮೈನರ್ ಆರ್ಪೆಜಿಯೊ. ಮೂರು ಸ್ವರಗಳನ್ನು ಒಟ್ಟಿಗೆ ಮೀಟದೆ ಒಂದರ ಹಿಂದೊಂದು ಬಿಡಿಸಿ ನುಡಿಸಬೇಕು. ನಡುವಿನ ಸ್ವರವನ್ನು ಗಿಟಾರಿನ ಕತ್ತಿನ ಮೇಲೆ ಒಂದೇ ಒಂದು ಮನೆ ಇಳಿಸಿದರೆ ಸಾಕು, ನಗುವ ಹಾಡಿಗೆ ಅಳುವ ಮುಖ.

"ಮೊದಲ ಸಲ ಆ ಬೆರಳು ಇಳಿಸ್ದಾಗ ಮೈಯೆಲ್ಲ ಜುಂ ಅಂತು ಕಣ್ರಿ. ಇಷ್ಟು ವರ್ಷ ಇದು ಎಲ್ಲಿ ಬಚ್ಚಿಟ್ಕೊಂಡಿತ್ತು ಅಂತ ಒಬ್ಬಳೇ ನಕ್ಕೆ. ಆವತ್ತು ಒಲೇಲಿದ್ದ ರೊಟ್ಟಿ ಎಲ್ಲಾ ಸೀದುಹೋಯ್ತು!"

ಐವತ್ತು ದಾಟಿದ ಮೇಲೆ ಗಿಟಾರ್ ಹಿಡಿದವರು ಇವರು. "ನಮ್ಮ ಮನೇಲಿ ಗಿಟಾರ್ ಗಂಡುಮಕ್ಕಳದ್ದು. ನಾವು ಹಾಡ್ಬೇಕು, ಅಷ್ಟೇ" ಎನ್ನುತ್ತಾರೆ. ಇಲ್ಲಿನ ವಾದಕರೆಲ್ಲ ಬಲಗೈ ಉಗುರು ಬೆಳೆಸಿ, ಅದನ್ನು ಮಗುವಿನಂತೆ ಕಾಪಾಡಿಕೊಳ್ಳುತ್ತಾರೆ. ರೊಟ್ಟಿ ಮಾಡುವವರಿಗೆ ಆ ಭಾಗ್ಯ ಇಲ್ಲ. "ಉಗುರು ಬಿಟ್ರೆ ಹಿಟ್ಟು ಸೇರ್ಕೊಳ್ಳುತ್ತೆ. ಬೆರಳ ತುದೀಲೇ ಮೀಟ್ತೀನಿ. ನಾದ ಮೆತ್ತಗೆ ಬರುತ್ತೆ, ಬರ್ಲಿ ಬಿಡಿ."

ಸಂತೆಯವರದ್ದೊಂದು ಸಂಗೀತದ ಗುಂಪಿದೆ, ಎಪಿಫಾನಿಯಾ ಮೊದಲು ಅದರಲ್ಲಿ ಹಾಡುತ್ತಿದ್ದರು. ಗುಂಪಿನಲ್ಲಿ ಯಾರದೇ ಹುಟ್ಟುಹಬ್ಬ ಬಂದರೂ ಬೆಳಗಾಗುವ ಮುನ್ನ ಅವರ ಬಾಗಿಲಲ್ಲಿ ನಿಂತು ನುಡಿಸುತ್ತಾರೆ. ಮನಸ್ಸಿಗೆ ಹಿಡಿಸುವ ತನಕ ಒಳಗಿನವರು ಬಾಗಿಲು ತೆಗೆಯುವಂತಿಲ್ಲ. ಕಳೆದ ವರ್ಷ ಸೂಪು ಮಾರುವ ಇಲ್ದಾ ಅವರ ಬಾಗಿಲಲ್ಲಿ ಎಪಿಫಾನಿಯಾ ಮೊದಲ ಸಲ ಗಿಟಾರ್ ನುಡಿಸಿದರು. ಶ್ರುತಿ ಮಾಡಿಕೊಂಡದ್ದು ಒಲೆಯ ಪಕ್ಕ, ನುಡಿಸಿದ್ದು ಹಲ್ಲು ಕಟಕಟಿಸುವ ಚಳಿಯಲ್ಲಿ. ಚಳಿಗೆ ಶ್ರುತಿ ತಪ್ಪಿ ತಂತಿಗಳೆಲ್ಲ ಒಂದೊಂದು ದಿಕ್ಕು ಹಿಡಿದವು. "ಯಾರೇ ಅದು, ಬೆಕ್ಕಿನ ಬಾಲ ತುಳಿದಿದ್ದು?" ಎಂದು ಒಳಗಿನಿಂದ ಇಲ್ದಾ ಕೂಗಿದರು. ಬೀದಿಗೆ ಬೀದಿಯೇ ನಕ್ಕಿತು. ಬಾಗಿಲು ತೆಗೆಯಲೇ ಇಲ್ಲ.

ಇವತ್ತು ಮತ್ತೆ ಇಲ್ದಾ ಹುಟ್ಟುಹಬ್ಬ. ಗುಂಪಿನ ಮುಖ್ಯಸ್ಥ, ಕ್ಷೌರಿಕ ಟಿಬುರ್ಸಿಯೊ ಮೊದಲೇ ಹೇಳಿಬಿಟ್ಟಿದ್ದಾರೆ: ಈ ಸಲವೂ ಕೆಟ್ಟರೆ ಎಪಿಫಾನಿಯಾ ಹಾಡುವ ಸಾಲಿಗೆ ವಾಪಸು, ಗಿಟಾರ್ ಬೇರೆಯವರ ಕೈಗೆ.

ಅದಕ್ಕೇ ನೋಡಿ, ಗಿಟಾರ್ ಹೊತ್ತಿಗೆ ಮುಂಚೆಯೇ ಅಂಗಳದ ಚಳಿಯಲ್ಲಿ ಕೂತಿದೆ, ಚಳಿಗೆ ಒಗ್ಗಿದ ಮೇಲೇ ಶ್ರುತಿ. ಒಲೆಗೆ ಕಾಯಿಸಿಕೊಳ್ಳುತ್ತಿರುವುದು ಬೆರಳುಗಳು ಮಾತ್ರ. ಒಲೆಯನ್ನು ನಾದಿನಿಗೆ ಒಪ್ಪಿಸಿ ಹೊರಡುತ್ತಾರೆ.

ಇಲ್ದಾ ಮನೆಯ ಮುಂದೆ ಟಿಬುರ್ಸಿಯೊ ಕೆಣಕುತ್ತಾರೆ: "ಏನಕ್ಕಾ, ಬೆಕ್ಕನ್ನ ಕಟ್ಟಿಹಾಕಿ ಬಂದ್ಯಾ?"

"ನಿನ್ನ ಕತ್ತರಿಗಿಂತ ನನ್ನ ತಂತಿ ನೆಟ್ಟಗಿದೆ. ಮುಚ್ಕೊಂಡು ಶುರು ಮಾಡಪ್ಪ."

ಹಾಡಿನ ಆರಂಭ ಎಪಿಫಾನಿಯಾ ಅವರದೇ. ಹೆಬ್ಬೆರಳು ದಪ್ಪ ತಂತಿಯನ್ನು ಮುಟ್ಟುತ್ತದೆ, ಉಳಿದ ಬೆರಳುಗಳು ಒಂದೊಂದಾಗಿ ಏರುತ್ತವೆ. ನಾನು ಬರೆಯುವುದನ್ನೇ ಮರೆತಿದ್ದೇನೆ, ಕೇಳುವವನಿಗೇ ಹೀಗಾದರೆ ನುಡಿಸುವವರಿಗೆ ಹೇಗಿರಬೇಡ! ನಡುವಿನ ಆ ಸ್ವರ ಬರುತ್ತದೆ, ಸರಿಯಾಗಿ, ಮೆತ್ತಗೆ. ಎದುರು ಮನೆಯ ಕಿಟಕಿ ತೆರೆಯುತ್ತದೆ. ಈ ಸಲ ಯಾರೂ ನಗುವುದಿಲ್ಲ. ಹಾಡು ಮುಗಿಯುತ್ತದೆ, ಬಾಗಿಲು ಮಾತ್ರ ಹಾಗೇ ಇದೆ. ಎಪಿಫಾನಿಯಾ ತುಟಿ ಕಚ್ಚಿಕೊಂಡು ನಿಂತಿದ್ದಾರೆ.

"ಯಾರೇ ನುಡಿಸಿದ್ದು?" ಒಳಗಿನ ದನಿ.

"ನಾನೇ ಇಲ್ದಕ್ಕಾ. ಎಪಿ."

ಅಗುಳಿ ಸರಿಯುತ್ತದೆ. ಶಾಲು ಹೊದ್ದ ಇಲ್ದಾ ಹೊಸ್ತಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. "ಮತ್ತೆ ನಿಲ್ಲಿಸಿದ್ಯಾಕೆ ಮಾರಾಯ್ತಿ? ಇನ್ನೊಂದ್ಸಲ ನುಡ್ಸು, ಹತ್ತಿರದಿಂದ ಕೇಳ್ತೀನಿ."

ಬೀದಿಯೆಲ್ಲ ಚಪ್ಪಾಳೆ. ನಾನಂತೂ ಪೆನ್ನು ಜೇಬಿಗಿಟ್ಟು ಕುಣಿದೇಬಿಟ್ಟೆ.

ಬೇಕರಿಗೆ ಮರಳುವ ದಾರಿಯಲ್ಲಿ, ಇನ್ನೇನು ಆಸೆ ಎಂದು ಕೇಳುತ್ತೇನೆ. ಎಪಿಫಾನಿಯಾ ಗಿಟಾರನ್ನು ಹೆಗಲಿಗೇರಿಸಿಕೊಂಡು ನಗುತ್ತಾರೆ.

"ಬರೋ ತಿಂಗಳು ನಂದೂ ಹುಟ್ಟುಹಬ್ಬ. ಇವರೆಲ್ಲ ನನ್ನ ಬಾಗಿಲಿಗೆ ಬರ್ಲಿ. ನಾನೇನು ಅಷ್ಟು ಸುಲಭಕ್ಕೆ ತೆಗೆಯಲ್ಲ."