ವಾರ್ತೆಯ ಹೊತ್ತಿಗೆ ಒಡೆದ ಕಾಯಿಗಳು

ಆಗೆಲ್ಲ ಕುವೈತಿನ ನಮ್ಮಂಥವರ ಮನೆಗಳಲ್ಲಿ ಶುಕ್ರವಾರವೇ ಭಾನುವಾರ. ವಾರದ ರಜೆ ಅಂದೇ, ಇಗರ್ಜಿಗೆ ಹೋಗುವುದೂ ಅಂದೇ. ಫರ್ವಾನಿಯಾದ ನಮ್ಮ ಮೂರನೇ ಮಾಳಿಗೆಯ ಮನೆಯಲ್ಲಿ ಆ ದಿನದ ಬೆಳಗು ಇಸ್ತ್ರಿಯ ಬಿಸಿ ವಾಸನೆಯಿಂದ ಶುರುವಾಗುತ್ತಿತ್ತು. ಆ ಶುಕ್ರವಾರವೂ ಪಪ್ಪಾ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಮಡಚಿ ಹಾಸಿ, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಿದ್ದರು. ಮಮ್ಮಿ ನನ್ನ ಜಡೆಗೆ ರಿಬ್ಬನ್ ಕಟ್ಟುತ್ತ, ತುಟಿಯಲ್ಲಿ ಕಚ್ಚಿಕೊಂಡ ಹೇರ್‌ಪಿನ್ನುಗಳ ನಡುವಿನಿಂದಲೇ "ಅಲ್ಲಾಡಬೇಡ" ಅಂದಳು. ಕ್ರಿಸ್ಮಸ್ ಹತ್ತಿರವಾಗಿತ್ತು. ಹಬ್ಬದ ತಿಂಡಿಗಳಿಗೆಂದು ಹುರಿದ ಎಳ್ಳಿನ ಪರಿಮಳ ಅಡುಗೆಮನೆಯಿಂದ ಬಂದು ಇಸ್ತ್ರಿಯ ವಾಸನೆಯೊಂದಿಗೆ ಬೆರೆಯುತ್ತಿತ್ತು. ಬಾಲ್ಕನಿಯ ಮೂಲೆಯಲ್ಲಿ ಒಂದು ಚೀಲ ತೆಂಗಿನಕಾಯಿ.

ಆಗಲೇ ಎದುರು ಮನೆಯ ಬಾಗಿಲು ಬಡಿದ ಸದ್ದಾಯಿತು. ನಾನು ರಿಬ್ಬನ್ ಬಿಡಿಸಿಕೊಂಡು ಓಡಿ ಬಾಗಿಲ ಸಂದಿಯಿಂದ ಇಣುಕಿದೆ. ಬಂದಿದ್ದವನು ಹಾರಿಸ್, ನಮ್ಮ ಕಟ್ಟಡದ ಕಾವಲುಗಾರ. ಊರು ಈಜಿಪ್ಟ್, ಹಿಂದಿ ಕಲಿತದ್ದು ನಮ್ಮಂಥ ಬಾಡಿಗೆಯವರಿಂದ.

"ಮದಾಮ್, ಮಾಲೀಕರು ಹೇಳಿ ಕಳಿಸಿದ್ದಾರೆ. ಇವತ್ತು ಇನ್ನೊಮ್ಮೆ ಆ ಪಾತ್ರೆಯ ಸದ್ದು ಕೇಳಿದರೆ ನಿಮ್ಮ ಕಫೀಲಿಗೆ ಫೋನ್. ಖಲಾಸ್."

ಕಫೀಲ್ ಎಂದರೆ ವೀಸಾ ಕೊಟ್ಟ ಧಣಿ. ಅವನಿಗೆ ಸಿಟ್ಟು ಬಂದರೆ ಇಕಾಮಾ ರದ್ದು, ಈ ದೇಶದಲ್ಲಿ ಇರುವ ಅನುಮತಿಯೇ ಇಲ್ಲ. ಅಷ್ಟು ನಮ್ಮ ಕಟ್ಟಡದ ಮಕ್ಕಳಿಗೂ ಗೊತ್ತಿತ್ತು.

ಎದುರು ಮನೆಯ ವೆಸ್ನಾ ಆಂಟಿ ಸರ್ಬಿಯಾದವರು. ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿ ಮಾಡುತ್ತಿದ್ದರು. ಕೆಂಪು ದೊಣ್ಣೆಮೆಣಸನ್ನು ಗ್ಯಾಸಿನ ಉರಿಯಲ್ಲಿ ಕಪ್ಪಗಾಗುವವರೆಗೆ ಸುಟ್ಟು, ಸಿಪ್ಪೆ ಸುಲಿದು, ಅರೆದು, ಬಾಟಲಿ ತುಂಬಿ ನಮ್ಮ ಬಾಗಿಲಲ್ಲಿ ಇಟ್ಟು ಹೋಗುವರು. ಖಾಲಿ ಬಾಟಲಿ ಹಿಂದೆ ಕೊಡಬಾರದೆಂದು ಮಮ್ಮಿ ಅದರಲ್ಲಿ ಲಿಂಬೆ ಉಪ್ಪಿನಕಾಯಿ ತುಂಬಿ ಕಳಿಸುವಳು. ಅವರ ದೇಶ ನನ್ನ ಶಾಲೆಯ ಅಟ್ಲಾಸಿನಲ್ಲಿ ಇರಲಿಲ್ಲ. ಕಾನ್ವೆಂಟಿನ ಸಿಸ್ಟರನ್ನು ಕೇಳಿದಾಗ, "ಅದು ಯುಗೊಸ್ಲಾವಿಯಾ ಆಗಿತ್ತು, ಈಗ ಚೂರುಚೂರು. ನೀನು ಮೊದಲು ಅಕ್ಷರ ದುಂಡಗೆ ಬರೆ" ಅಂದಿದ್ದರು.

ಆ ಚಳಿಗಾಲ ಅಲ್ಲಿ ಗಲಾಟೆ ಎದ್ದಿತ್ತು. ಚುನಾವಣೆಯಲ್ಲಿ ಸೋತ ಸರಕಾರ ಸೋತೆನೆಂದು ಒಪ್ಪುತ್ತಿರಲಿಲ್ಲ. ಜನ ದಿನವೂ ಹಿಮದಲ್ಲಿ ಬೀದಿಗಿಳಿಯುತ್ತಿದ್ದರು. ಆಂಟಿಯ ಮಗಳು ಯೆಲೆನಾ ತರಗತಿ ಬಿಟ್ಟು ಅವರ ನಡುವೆ ನಡೆಯುತ್ತಿದ್ದಳು. ಸರಕಾರಿ ಟೀವಿ ಮಾತ್ರ ಊರಲ್ಲಿ ಏನೂ ಆಗಿಲ್ಲವೆಂಬಂತೆ ವಾರ್ತೆ ಓದುತ್ತಿತ್ತು. ಅದಕ್ಕೇ ವಾರ್ತೆ ಶುರುವಾದ ಕೂಡಲೇ ಅಲ್ಲಿಯ ಜನ ಮನೆಮನೆಯ ಕಿಟಕಿಯಿಂದ ಪಾತ್ರೆ ಬಡಿಯುತ್ತಿದ್ದರು, ಆ ಸುಳ್ಳು ಯಾರ ಕಿವಿಗೂ ಬೀಳದ ಹಾಗೆ. ಅಲ್ಲಿನ ವಾರ್ತೆಯ ಹೊತ್ತೆಂದರೆ ನಮ್ಮಲ್ಲಿ ಊಟದ ಹೊತ್ತು. ವೆಸ್ನಾ ಆಂಟಿಯೂ ಆಗ ತಮ್ಮ ಅಡುಗೆಮನೆಯ ಬಾಲ್ಕನಿಗೆ ಬಂದು, ಸೂಪಿನ ಪಾತ್ರೆಯನ್ನು ಸೌಟಿನಿಂದ ಬಡಿಯತೊಡಗಿದರು. ಒಬ್ಬರೇ.

ಮೊದಲ ದಿನ ಮಮ್ಮಿ ಅದನ್ನು ಕೇಳಿ ಗ್ಯಾಸಿನವನು ಬಂದನೆಂದೇ ತಿಳಿದಳು. ಅವನೂ ಹಾಗೆಯೇ ಸಿಲಿಂಡರಿಗೆ ಸ್ಪ್ಯಾನರಿನಿಂದ ಬಡಿಯುತ್ತ ಬೀದಿಯಲ್ಲಿ ಬರುತ್ತಿದ್ದ. ಮಮ್ಮಿ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಾಲ್ಕನಿಗೆ ಬಂದು "ಭಾಯಿ, ಇಧರ್!" ಎಂದು ಕೂಗಿದಳು. ಮೇಲಿನ ಮನೆಯ ಶಕುಂತಲಾ ಆಂಟಿ, ಉಡುಪಿ ಕಡೆಯವರು, ಅವರೂ ಬಗ್ಗಿ "ಎಲ್ಲಿ ಮಾರಾಯ್ರೆ ಗ್ಯಾಸಿನವ?" ಎಂದು ಕೇಳಿದರು. ಪಕ್ಕದ ಬಾಲ್ಕನಿಯಲ್ಲಿ ವೆಸ್ನಾ ಆಂಟಿ ಸೌಟು ಹಿಡಿದುಕೊಂಡೇ ಕಣ್ಣೊರೆಸುತ್ತಿದ್ದರು.

"ಮಗಳು ಅಲ್ಲಿ ಚಳಿಯಲ್ಲಿ ನಿಂತಿದ್ದಾಳೆ ಗ್ರೇಸಿ," ಅಂದಿದ್ದರು ಮಮ್ಮಿಗೆ, ತಮ್ಮ ಮುರುಕು ಇಂಗ್ಲಿಷಿನಲ್ಲಿ. "ಅಮ್ಮನಾದ ನಾನು ಒಂದು ಪಾತ್ರೆಯನ್ನಾದರೂ ಬಡಿಯಬೇಡವೇ?"

ಆ ಶುಕ್ರವಾರ ಹಾರಿಸ್ ಇಳಿದು ಹೋದ ಮೇಲೆ ಅವರು ನಮ್ಮನ್ನು ನೋಡಿ, "ಬಡಿಯುತ್ತೇನೆ. ಕಳಿಸುವುದಾದರೆ ಕಳಿಸಲಿ" ಅಂದರು. ಆದರೆ ಬಾಗಿಲ ಚಿಲಕ ಅವರ ಕೈಗೆ ಬೇಗ ಸಿಗಲಿಲ್ಲ. ಯೆಲೆನಾಳ ಓದು ನಿಂತಿದ್ದದ್ದು ಆಂಟಿಯ ಕ್ಲಿನಿಕ್ಕಿನ ಸಂಬಳದ ಮೇಲೆ.

ಇಗರ್ಜಿಯ ದಾರಿಯಲ್ಲಿ ಪಪ್ಪಾ ತಗ್ಗಿದ ದನಿಯಲ್ಲಿ ಹೇಳಿದರು: "ನೀನು ಆ ಕಡೆ ತಲೆ ಹಾಕಬೇಡ ಗ್ರೇಸಿ. ಇಕಾಮಾ ನಮಗೂ ಉಂಟು. ಅವರ ದೇಶದ ರಾಜಕೀಯ ನಮಗೆಂತಕ್ಕೆ?"

ಬೇರೆಯವರ ಬಾಗಿಲನ್ನು ಉಗುರಿನ ತುದಿಯಿಂದ ತಟ್ಟುವ ಹೆಂಗಸು ಮಮ್ಮಿ. ಆದರೆ ಅಂದು ಪೂಜೆಯುದ್ದಕ್ಕೂ ಮಂಡಿಯೂರಬೇಕಾದಲ್ಲಿ ನಿಂತಳು, ನಿಲ್ಲಬೇಕಾದಲ್ಲಿ ಕುಳಿತಳು.

ಮಧ್ಯಾಹ್ನ ಮೀನುಸಾರಿನ ಊಟ ಮುಗಿಸಿ ಪಪ್ಪಾ ಮಲಗಿದ್ದೇ ತಡ, ಮಮ್ಮಿ ಒಂದು ತಟ್ಟೆಗೆ ಕುಲ್‌ಕುಲ್ ತುಂಬಿದಳು. ನಾನೇ ಬಾಚಣಿಗೆಯ ಹಲ್ಲಿಗೆ ಒತ್ತಿ ಸುರುಳಿ ಮಾಡಿದ್ದ ಸಿಹಿ ಅದು. ಮೇಲೆ ಕರವಸ್ತ್ರ ಮುಚ್ಚಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು.

"ಶಕುಂತಲಾ, ಇವತ್ತು ಊಟದ ಹೊತ್ತಿಗೆ ನಿಮ್ಮಲ್ಲಿ ಕಾಯಿ ಒಡೆಯುವ ಕೆಲಸ ಎಂತದಾದರೂ ಉಂಟಾ?"

"ಇಲ್ಲ. ಎಂತಕ್ಕೆ?"

"ಇದ್ದರೆ ಒಳ್ಳೇದಿತ್ತು."

ಶಕುಂತಲಾ ಆಂಟಿ ಒಂದು ಕುಲ್‌ಕುಲ್ ಬಾಯಿಗೆ ಹಾಕಿ, ಮಮ್ಮಿಯ ಮುಖ ನೋಡುತ್ತ ನಿಧಾನ ಜಗಿದರು. ಆಮೇಲೆ ಅವರ ಹುಬ್ಬು ಮೇಲೇರಿತು.

"ಅಬ್ಬಾ ಗ್ರೇಸಿ ಬಾಯಿ! ನಿಮ್ಮನ್ನು ನಾನು ಪಾಪದವರು ಅಂತ ಎಣಿಸಿದ್ದು! ಕಾಯಿ ಇಲ್ಲ ನೋಡಿ. ಆದರೆ ಕಾರ್ಪೆಟಿನಲ್ಲಿ ಒಂದು ರಾಶಿ ಧೂಳುಂಟು. ಕೋಲು ತಗೊಂಡು ಬಡಿಯುವ ಅಂತ ಇದ್ದೆ."

ಹಾಗೇ ಇನ್ನೂ ಕೆಲವು ಬಾಗಿಲು. ಮಮ್ಮಿ ಎಲ್ಲೂ ಸರ್ಬಿಯಾದ ಹೆಸರೆತ್ತಲಿಲ್ಲ. ಎಲ್ಲ ಕಡೆಯೂ ಅಡುಗೆಯ ಮಾತೇ. ಯಾರು ಶುಂಠಿ ಜಜ್ಜುವುದು, ಯಾರು ಮಸಾಲೆ ಕುಟ್ಟುವುದು, ಯಾವ ಹೊತ್ತಿಗೆ. ಕೊನೆಗೆ ವೆಸ್ನಾ ಆಂಟಿಯ ಮನೆ.

"ಇವತ್ತು ನೀವು ಬಡಿಯಬೇಡಿ," ಅಂದಳು ಮಮ್ಮಿ.

ಆಂಟಿಯ ಮುಖ ಕೆಂಪಗಾಯಿತು. "ನೀನೂ ಹಾಗೇ ಹೇಳುತ್ತೀಯಾ?"

"ವಾರ್ತೆಯ ಹೊತ್ತಿಗೆ ಕೆಳಗಿಳಿದು ಹೋಗಿ ಹಾರಿಸ್ ಪಕ್ಕ ನಿಂತುಕೊಳ್ಳಿ. ಕೈಯಲ್ಲಿ ಏನೂ ಹಿಡಿಯಬೇಡಿ. ಉಳಿದದ್ದು ನಮಗೆ ಬಿಡಿ."

ರಾತ್ರಿ ಪಪ್ಪಾ ತಟ್ಟೆಯ ಮುಂದೆ ಕುಳಿತಿದ್ದರು. ಮಮ್ಮಿ ಕತ್ತಿ ಹಿಡಿದು ಬಾಲ್ಕನಿಗೆ ನಡೆದಳು. ನನ್ನ ಕೈಗೆ ಕಬ್ಬಿಣದ ಕುಟ್ಟಾಣಿ, ಅದರಲ್ಲಿ ಒಂದು ಹಿಡಿ ಏಲಕ್ಕಿ.

"ಈಗ ಯಾರಾದರೂ ಕಾಯಿ ಒಡೀತಾರಾ ಗ್ರೇಸಿ?" ಪಪ್ಪಾ ಎದ್ದು ನಿಂತರು.

"ಕಾಯಿ ಒಡೆಯಲಿಕ್ಕೂ ಇಕಾಮಾ ಬೇಕಾ ಇಲ್ಲಿ?"

ಮಮ್ಮಿಯ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೇಳಿದವಳೇ ಕತ್ತಿಯ ಬೆನ್ನಿನಿಂದ ಕಾಯಿಗೆ ಒಂದು ಏಟು ಕೊಟ್ಟಳು. ನಾನು ಕುಟ್ಟಾಣಿ ಕುಟ್ಟಿದೆ. ಮೇಲಿನಿಂದ ಕಾರ್ಪೆಟಿಗೆ ಕೋಲು ಬಿತ್ತು. ಧೂಳು ನಮ್ಮ ತಲೆಯ ಮೇಲೇ ಇಳಿಯಿತು. ಕೆಳಗಿನ ಮನೆಯಲ್ಲಿ ಯಾರೋ ಶುಂಠಿ ಜಜ್ಜಿದರು, ಇನ್ನಾರೋ ತಳ ಹಿಡಿದ ಪಾತ್ರೆಯನ್ನು ಚಮಚದಿಂದ ಕೆರೆದರು. ಒಂದು ಬಾಲ್ಕನಿಯ ಸದ್ದು ನಿಲ್ಲುವಾಗ ಇನ್ನೊಂದರದು ಎದ್ದಿತು. ಏಲಕ್ಕಿಯ ಪರಿಮಳ ನನ್ನ ಮೂಗಿಗೇರಿ ಸೀನು ಬಂತು, ಆದರೂ ಕುಟ್ಟಿದೆ.

ಸರಳುಗಳ ನಡುವಿನಿಂದ ಕೆಳಗೆ ನೋಡಿದೆ. ಗೇಟಿನ ದೀಪದಡಿ ಹಾರಿಸ್ ಪಕ್ಕದಲ್ಲಿ ವೆಸ್ನಾ ಆಂಟಿ ಬಿಳಿ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಅವನು ಒಮ್ಮೆ ಬಾಲ್ಕನಿಗಳನ್ನು, ಒಮ್ಮೆ ಅವರನ್ನು ನೋಡಿದ. ಅವರು ಎರಡೂ ಅಂಗೈ ಬಿಡಿಸಿ ಅವನ ಮುಂದೆ ಹಿಡಿದರು, ಊಟಕ್ಕೆ ಮೊದಲು ಕೈ ತೊಳೆದೆನೆಂದು ಮಕ್ಕಳು ತೋರಿಸುವ ಹಾಗೆ. ಅವರ ಭುಜ ಕುಲುಕುತ್ತಿತ್ತು. ಅಳುವೋ ನಗುವೋ ಮೇಲಿನಿಂದ ತಿಳಿಯಲಿಲ್ಲ.

ಹಾರಿಸ್ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೇ ಬಂದ. ತೆರೆದದ್ದು ಪಪ್ಪಾ.

"ಕ್ರಿಸ್ಮಸ್ ಕಾ ಕಾಮ್ ಹೈ, ಭಾಯಿ," ಅಂದರು.

"ಊಪರ್ ತೋ ಹಿಂದೂ ಹೈ. ಉಸ್ಕಾ ಭೀ ಕ್ರಿಸ್ಮಸ್?"

ಪಪ್ಪಾ ತಿರುಗಿ ಮಮ್ಮಿಯನ್ನು ನೋಡಿದರು. ಅವಳ ಕೂದಲ ತುಂಬ ಕಾರ್ಪೆಟಿನ ಧೂಳು, ಕೈಯಲ್ಲಿ ಕತ್ತಿ. "ಸಬ್ ಕಾ," ಅಂದರು. ಬಾಗಿಲಿನಿಂದ ಸರಿಯಲಿಲ್ಲ.

ನಾನು ತಂದು ಹಿಡಿದ ತಟ್ಟೆಯಿಂದ ಹಾರಿಸ್ ಒಂದು ಹಿಡಿ ಕುಲ್‌ಕುಲ್ ತೆಗೆದುಕೊಂಡು ತಲೆಯಾಡಿಸುತ್ತ ಇಳಿದು ಹೋದ. ಕಫೀಲಿಗೆ ಫೋನ್ ಹೋಗಲಿಲ್ಲ. ಯಾವ ಮನೆಯ ಮೇಲೆಂದು ದೂರು ಹೇಳುವುದು? ಆ ಚಳಿಗಾಲ ಮುಗಿಯುವ ಮೊದಲೇ ಅಲ್ಲಿನ ಸರಕಾರವೂ ಸೋಲು ಒಪ್ಪಿತು. ಯೆಲೆನಾ ಓದು ಮುಗಿಸುವವರೆಗೂ ವೆಸ್ನಾ ಆಂಟಿ ನಮ್ಮ ಎದುರು ಬಾಗಿಲಲ್ಲೇ ಇದ್ದರು.

ಈಗ ಮಮ್ಮಿ ಇಲ್ಲ. ನಾನೂ ಇದೇ ಕುವೈತಿನಲ್ಲಿ ಸಂಸಾರ ಹೂಡಿದ್ದೇನೆ, ಹನ್ನೊಂದನೇ ಮಾಳಿಗೆಯಲ್ಲಿ, ತೆರೆಯಲಾಗದ ಗಾಜಿನ ಕಿಟಕಿಗಳ ಹಿಂದೆ. ಕಾಯಿ ತುರಿದೇ ಬರುತ್ತದೆ, ಫ್ರೀಜರಿನ ಪೊಟ್ಟಣದಲ್ಲಿ. ಎದುರು ಮನೆಯವರ ಚಪ್ಪಲಿಗಳ ಗುರುತುಂಟು, ಮುಖದ ಗುರುತಿಲ್ಲ. ಮೊನ್ನೆ ಫೋನಿನಲ್ಲಿ ಅದೇ ಪುಟ್ಟ ದೇಶದ ಬೀದಿಗಳಲ್ಲಿ ಮತ್ತೆ ಕಾಲೇಜು ಮಕ್ಕಳು ನಿಂತದ್ದನ್ನು ಕಂಡು ಮಗಳಿಗೆ ತೋರಿಸಿದೆ. "ವಾಟ್ ಕ್ಯಾನ್ ವಿ ಡೂ ಫ್ರಮ್ ಹಿಯರ್, ಮಾಮ್?" ಅಂದಳು. ಇಲ್ಲಿಂದ ಏನು ಮಾಡಬಹುದೆಂದು ನನಗೆ ಚೆನ್ನಾಗಿ ಗೊತ್ತು. ಯಾರ ಬಾಗಿಲು ತಟ್ಟಿ ಜೊತೆಗೆ ಕರೆಯಲಿ ಎಂಬುದು ಮಾತ್ರ ಗೊತ್ತಿಲ್ಲ. ಆದರೂ ಒಂದು ದಿನ ತಟ್ಟಿಯೇ ತಟ್ಟುತ್ತೇನೆ, ಉಗುರಿನ ತುದಿಯಿಂದಲ್ಲ.

ಅಂದು ಸದ್ದೆಲ್ಲ ನಿಂತ ಮೇಲೆ ಮಮ್ಮಿ ಬಾಲ್ಕನಿಯ ನೆಲದಲ್ಲಿ ಕುಳಿತು ಒಡೆದ ಹೋಳುಗಳನ್ನು ಒಟ್ಟುಮಾಡುತ್ತಿದ್ದಳು. ಮೇಲಿನಿಂದ ಶಕುಂತಲಾ ಆಂಟಿ ಕಾರ್ಪೆಟ್ ಸುತ್ತುತ್ತ ಕೆಳಗೆ ಬಗ್ಗಿದರು.

"ಇದ್ದ ಕಾಯಿ ಎಲ್ಲ ಇವತ್ತೇ ಒಡೆದು ಮುಗಿಸಬೇಡಿ ಮಾರಾಯ್ರೆ," ಅಂದರು. "ನಾಳೆಯೂ ವಾರ್ತೆ ಉಂಟಲ್ಲ."