ರೇಷ್ಮೆ ಬೊಗಳಿದ ಸಂಜೆ

ದೆವ್ವ, ಶಕುನ, ಹಲ್ಲಿ ಲೊಚಗುಟ್ಟೋದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಈಗಲೂ ನಂಬೋದಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ನಿಂತು ಸೀರೆ ನೇಯ್ದು ನನ್ನನ್ನು ಬಿ.ಎಸ್ಸಿ. ಓದಿಸಿದಳು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ದೆವ್ವದ ಕತೆ ತಂದರೆ, ನೋಡಿದ್ದು ಯಾರು, ಎಷ್ಟು ದೂರದಿಂದ, ಬೆಳಕಿತ್ತಾ ಅಂತ ಕೇಳಿ ಬಾಯಿ ಮುಚ್ಚಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಕಲ್ಯಾಣದುರ್ಗದ ಹತ್ತಿರ ನಡೆದದ್ದಕ್ಕೂ ಅದೇ ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಉತ್ತರ ಸಿಕ್ಕಿಲ್ಲ.

ಹಿಂದೂಪುರದಲ್ಲಿ ನಾವೊಂದಿಷ್ಟು ಜನ ಸೇರಿ ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುತ್ತೇವೆ. ಅಮ್ಮ ದುಡಿದ ಶೆಡ್ಡೇ ಅವುಗಳ ಮನೆ. ಮಗ್ಗಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿತ್ತು, ಮಾಲೀಕರು ಬಿಟ್ಟುಕೊಟ್ಟರು. ಸಂಬಳ ಯಾರಿಗೂ ಇಲ್ಲ. ಕೆಲಸ ಮುಗಿಸಿ ಬಂದು ಅನ್ನ ಬೇಯಿಸುತ್ತೇವೆ, ಗಾಯ ತೊಳೆಯುತ್ತೇವೆ, ಸಾಕುವವರು ಸಿಕ್ಕರೆ ಕೊಡುತ್ತೇವೆ. ಕೇಳಿಕೊಂಡು ಬರುವವರ ಮೊದಲ ಮಾತೇ 'ಯಾವ ಬ್ರೀಡು?' ಅಂತ. ಬೀದಿ ನಾಯಿ ಅಂದರೆ ಮುಖ ಸಪ್ಪಗಾಗುತ್ತೆ. ಬ್ರೀಡು ಬೇಕು ಅನ್ನುವ ಜನರೇ ಅದಕ್ಕೆ ವಯಸ್ಸಾದರೆ, ಕಾಯಿಲೆ ಬಿದ್ದರೆ ಹೆದ್ದಾರಿಯಲ್ಲಿ ಕೊಡಿಕೊಂಡ ಅನ್ನೋ ಊರಿನ ಚೆಕ್‌ಪೋಸ್ಟ್ ಹತ್ತಿರ ಕಾರಿನಿಂದ ಇಳಿಸಿ ಹೋಗುತ್ತಾರೆ.

ರೇಷ್ಮೆ ಸಿಕ್ಕಿದ್ದು ಅಲ್ಲೇ, ಒಂದು ಢಾಬಾದ ಹಿಂದೆ. ರಾಜಪಾಳಯಂ ತಳಿ. ಮೈಯೆಲ್ಲ ಬಿಳಿ, ಮೂಗು ಮಾತ್ರ ಗುಲಾಬಿ, ಉದ್ದ ಕಾಲು, ಮೊಲದ ಹಿಂದೆ ಬಿದ್ದರೆ ಗಾಳಿ. ಆ ಬಿಳುಪಿನ ಜೊತೆಗೇ ಕೆಲವಕ್ಕೆ ಕಿವುಡೂ ಹುಟ್ಟಿನಿಂದ ಬರುತ್ತದೆ. ಇವಳಿಗೂ ಬಂದಿತ್ತು. ಕೂಗಿದರೆ ತಿರುಗದ ನಾಯಿ ಕಾವಲಿಗೆ ಯಾಕೆ ಅಂತ ಬಿಟ್ಟು ಹೋಗಿರಬೇಕು.

ಅವಳಿಗೆ ಹೆಸರಿಟ್ಟಿದ್ದು ಅಮ್ಮ, ಮಾತು ಕಲಿಸಿದ್ದೂ ಅಮ್ಮ. ಅಮ್ಮನಿಗೂ ಕಿವಿ ಇಲ್ಲ. ಮಗ್ಗದ ಸದ್ದು ವರ್ಷಗಟ್ಟಲೆ ತಿಂದುಹಾಕಿತ್ತು. ಲೂಮ್ ನಡೆಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸೋದಿಲ್ಲ, ಹಾಗಾಗಿ ನೇಯುವವರಿಗೆ ಕೈಮಾತು ಇರುತ್ತೆ. ಅಂಗೈ ಕೆಳಗೆ ಒತ್ತಿದರೆ ನಿಲ್ಲಿಸು. ಎರಡು ಬೆರಳು ಚಿವುಟಿ ಮೇಲೆತ್ತಿದರೆ ನೂಲು ಹರಿದಿದೆ, ಇಲ್ಲಿ ಬಾ. ಅಮ್ಮ ಬೆರಳು ಚಿವುಟಿ ಎತ್ತಿದಳು ಅಂದರೆ ರೇಷ್ಮೆ ಶೆಡ್ಡಿನ ಯಾವ ಮೂಲೆಯಲ್ಲಿದ್ದರೂ ಓಡಿ ಬರುತ್ತಿದ್ದಳು.

ಕಲ್ಯಾಣದುರ್ಗದ ಆಚೆ ಶೇಂಗಾ ಬೆಳೆಯುವ ಹನುಮಂತಪ್ಪನವರು ಅವಳನ್ನು ಕೇಳಿ ಬಂದರು. ಕಿವುಡು ಅಂತ ಹೇಳಿದೆ. "ನಮ್ಮಪ್ಪನೂ ಕಿವುಡನೇ ಕಣಮ್ಮ, ಅವನನ್ನೇನು ಬಿಟ್ಟುಬುಟ್ವಾ?" ಅಂದರು. ಆ ಮಾತಿಗೇ ಕೊಟ್ಟೆವು. ಅಮ್ಮ ಆವತ್ತು ಶೆಡ್ಡಿನ ಕಡೆ ಬರಲಿಲ್ಲ.

ತಿಂಗಳು ತುಂಬಿರಲಿಲ್ಲ, ಅವರ ಫೋನು ಬಂತು. ಮೊಲದ ಹಿಂದೆ ಓಡಿದವಳು ಎರಡು ದಿನವಾದರೂ ಬಂದಿಲ್ಲ. ಗಂಗಾಧರನನ್ನು ಬೈಕ್ ತೆಗೆಯಲು ಹೇಳಿದೆ. ಇವನು ನಮ್ಮ ಗುಂಪಿನವನೇ, ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಹೊರಡುವಾಗ ಅಮ್ಮ ನನ್ನ ಕೈ ಹಿಡಿದು ಅಂದಳು: "ಅವಳು ಇಲ್ದೆ ಬರಬ್ಯಾಡ."

ಹೋಗುವಷ್ಟರಲ್ಲಿ ಹನುಮಂತಪ್ಪನವರ ಮನೆಯವರೆಲ್ಲ ಹೊಲದಲ್ಲಿ ತಟ್ಟೆ ಬಡಿಯುತ್ತಾ ಕೂಗುತ್ತಿದ್ದರು. "ಊರಂತಾ ವೆದಿಕಿನಾಮಮ್ಮಾ, ಊರೆಲ್ಲ ಹುಡುಕಿದ್ವಿ, ಎಲ್ಲೂ ಇಲ್ಲ" ಅಂದರು ಹನುಮಂತಪ್ಪನವರು.

"ಕಿವುಡು ನಾಯಿಗೆ ತಟ್ಟೆ ಬಡಿದ್ರೆ ಏನಯ್ಯಾ ಉಪಯೋಗ?" ಅಂದ ಗಂಗಾಧರ.

"ಸುಮ್ನಿರೋಕೆ ಆಗಲ್ವಲ್ಲಪ್ಪ."

ಕೂಗಿ ಫಲವಿಲ್ಲ. ಕಣ್ಣಿಂದಲೇ ಹುಡುಕಬೇಕು. ಬದು, ಹಳ್ಳ, ಬಂಡೆಗಳ ಸಂದು, ಹಾಳುಬಿದ್ದ ಬಾವಿ, ಯಾವುದನ್ನೂ ಬಿಡಲಿಲ್ಲ. ಬಿಸಿಲಿಗೆ ನಾಲಿಗೆ ಒಣಗಿತ್ತು. ನೀರಿಲ್ಲದೆ ನಾಯಿ ಇನ್ನೊಂದು ದಿನ ತಡೆಯುವುದು ಕಷ್ಟ ಅಂತ ಇಬ್ಬರಿಗೂ ಗೊತ್ತಿತ್ತು. ಹೊತ್ತು ಇಳಿಯುವಾಗ ಗಂಗಾಧರ ಮೆಲ್ಲಗೆ, "ಅಕ್ಕಾ, ನಾಳೆ ಬರಾನಾ?" ಅಂದ. ನಾನು ನಡೆಯುತ್ತಲೇ ಇದ್ದೆ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ಅವಳಿಗೆ ಫೋನು ಅಂದರೆ ಅದೊಂದೇ. ನಾನು ಕೈಯಲ್ಲಿ ಹೇಳುತ್ತೇನೆ, ಅವಳು ಬಾಯಲ್ಲಿ ಆಡುತ್ತಾಳೆ. ಸಿಕ್ಕಿಲ್ಲ ಅಂತ ಕೈಯಾಡಿಸಿ, ಹುಡುಕುತ್ತಿದ್ದೇವೆ ಅಂತ ತೋರಿಸಲು ಫೋನನ್ನು ಹೊಲದ ಕಡೆ ತಿರುಗಿಸಿ ಹೆಜ್ಜೆ ಹಾಕಿದೆ.

"ಅತ್ಲಾಗ್ಯಾಕೆ ಹೋಯ್ತೀಯ? ಬೊಗಳ್ತಾವ್ಳಲ್ಲ ಹಿಂದುಗಡೆ," ಅಂದಳು ಅಮ್ಮ.

ನಿಂತೆ. ಗಂಗಾಧರನೂ ನಿಂತ. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅಮ್ಮನ ಬೇಸರಕ್ಕೆ ಹಾಗೆ ಅನ್ನಿಸಿರಬೇಕು ಅಂದುಕೊಂಡು, ಏನೂ ಕೇಳಿಸ್ತಿಲ್ಲ ಅಂತ ಕೈಯಲ್ಲಿ ಹೇಳಿದೆ.

"ಓದಿ ಓದಿ ನಿಂಗೇ ಕಿವಿ ಹೋಗೈತೆ. ತಿರುಗು."

ತಿರುಗಿದೆ. ಬೇರೆ ದಾರಿಯೂ ಇರಲಿಲ್ಲ. ನಾವು ನಡೆದಂತೆ ಅಮ್ಮ ಹಿಂದೂಪುರದ ಮನೆಯಲ್ಲಿ ಕೂತು ಹೇಳುತ್ತಾ ಹೋದಳು. "ಸಣ್ಣಗಾಯ್ತು. ಈ ಕಡೆಗಲ್ಲ. ಹಾ, ಈಗ ಜೋರಾಯ್ತು. ಇನ್ನೂ ಜೋರಾಯ್ತು ಕಣೇ, ಬೇಗ ಹೋಗು." ಹುಣಸೆಮರ ದಾಟಿ, ಬೆಳಿಗ್ಗೆ ಒಮ್ಮೆ ನೋಡಿ ಬಂದಿದ್ದ ಹಳ್ಳಕ್ಕೇ ಬಂದೆವು. "ಇಲ್ಲೇ," ಅಂದಳು ಅಮ್ಮ. ಏನೂ ಕಾಣಲಿಲ್ಲ. ಗಂಗಾಧರ ಜಾಲಿಯ ಪೊದೆಯನ್ನು ಎತ್ತಿದ. ಒಳಗೆ ಬಿಳಿ ಕಂಡಿತು.

ಕಾಡುಹಂದಿ ಬರದಿರಲಿ ಅಂತ ಶೇಂಗಾ ಹೊಲದ ಸುತ್ತ ಹಳೆ ನೈಲಾನ್ ಬಲೆ ಕಟ್ಟುತ್ತಾರೆ. ಗಾಳಿಗೆ ಕಿತ್ತುಬಂದ ಅಂಥದೊಂದರಲ್ಲಿ ರೇಷ್ಮೆ ಸಿಕ್ಕಿಕೊಂಡಿದ್ದಳು. ಉಸಿರಿತ್ತು. ಆದರೆ ಒದ್ದಾಡಿ ಒದ್ದಾಡಿ ಬಲೆಯ ಹುರಿ ಮೂತಿಗೆ ಸುತ್ತಿ ಸುತ್ತಿ ಬಿಗಿದಿತ್ತು. ಬಾಯಿ ಬಿಡಲೂ ಆಗದಷ್ಟು. ಗಂಗಾಧರ ಚಾಕು ಹಿಡಿದವನು ಕೈ ತಡೆದು ನನ್ನ ಮುಖ ನೋಡಿದ.

"ಅಕ್ಕಾ, ಇವಳು ಬೊಗಳಕ್ಕೆ ಹೆಂಗಾಗುತ್ತೆ?"

ಹುರಿ ಕೊಯ್ದು ನೀರು ಬಿಟ್ಟೆವು. ಏಳಲಿಲ್ಲ. ಫೋನನ್ನು ಅವಳ ಮುಂದೆ ಹಿಡಿದೆ. ಅಮ್ಮ ಬೆರಳು ಚಿವುಟಿ ಮೇಲೆತ್ತಿದಳು. ರೇಷ್ಮೆ ನಡುಗುತ್ತಾ ನಾಲ್ಕೂ ಕಾಲ ಮೇಲೆ ನಿಂತಳು.

ರೇಷ್ಮೆಗೆ ಔಷಧಿ ಕೊಟ್ಟ ಪಶುವೈದ್ಯರನ್ನು ಕೇಳಿದೆ. ಬಾಯಿ ಕಟ್ಟಿದ್ದರೂ ಮೂಗಿನಿಂದ ಕುಂಯ್‌ಗುಟ್ಟಬಹುದು ಅಂದರು. ಸರಿ. ಅದು ಪಕ್ಕದಲ್ಲಿದ್ದ ನಮಗೆ ಕೇಳಿಸದೆ, ಫೋನಿನಲ್ಲಿ ಹಾದು, ಕಿವಿಯೇ ಇಲ್ಲದ ಅಮ್ಮನಿಗೆ ಹೇಗೆ ಮುಟ್ಟಿತು ಅಂದರೆ ಅವರು ನಕ್ಕರು. ನಾನು ಬಿಡಲಿಲ್ಲ. ಬೇರೆ ಬೇರೆ ನಾಯಿಗಳು ಬೊಗಳುವುದನ್ನು ರೆಕಾರ್ಡ್ ಮಾಡಿ ಅಮ್ಮನ ಕಿವಿಯ ಹತ್ತಿರ ಹಿಡಿದೆ. ಒಂದೂ ಕೇಳಿಸಲಿಲ್ಲ. ರೇಷ್ಮೆಯದನ್ನೂ ಹಿಡಿದೆ. ಅದೂ ಇಲ್ಲ.

"ಹಂಗಾದ್ರೆ ಆವತ್ತು?" ಅಂತ ಕೈಯಾಡಿಸಿದೆ.

"ಆವತ್ತು ಕೂಗಿದ್ಲು, ಕೇಳಿಸ್ತು. ಅದ್ರಾಗೇನೈತೆ?" ಅಂದು ಅಕ್ಕಿ ಆರಿಸಲು ಕೂತಳು.

ಹನುಮಂತಪ್ಪನವರೇ ರೇಷ್ಮೆಯನ್ನು ಅಮ್ಮನ ಹತ್ತಿರ ಬಿಟ್ಟು ಹೋದರು. ಈಗ ಅವಳು ಮಲಗುವುದು ಅಮ್ಮನ ಮಂಚದ ಕೆಳಗೆ. ಸ್ಕೂಲು ಮುಗಿಸಿ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿಯುತ್ತೇನೆ, ಕೂಗುತ್ತೇನೆ. ಕಿಟಕಿಯಿಂದ ಇಬ್ಬರೂ ಕಾಣುತ್ತಾರೆ, ಹಾಯಾಗಿ ನಿದ್ದೆ ಹೊಡೆಯುತ್ತಿರುತ್ತಾರೆ. ಅಕ್ಕಪಕ್ಕದ ಮನೆಯವರೆಲ್ಲ ಎದ್ದು ಬಂದರೂ ಒಳಗಿನ ಇಬ್ಬರಲ್ಲಿ ಒಬ್ಬರೂ ಕಣ್ಣು ಬಿಡುವುದಿಲ್ಲ. ಆ ಸಂಜೆಯನ್ನು ನೆನೆಯುತ್ತಾ, ಚೀಲ ಕೆಳಗಿಟ್ಟು, ನಾನು ಮತ್ತೆ ಬಡಿಯುತ್ತೇನೆ.